ಲಾಸ್ಟ್ ಫೌಂಡ್‌ನಲ್ಲಿ ಸಿಕ್ಕ ಫೈಲುಗಳನ್ನು ನಾನು ವಿಂಗಡಿಸಿದ್ದು ಹೀಗೆ

ಕರೆಂಟ್ ಹೋಗಿ ಸರ್ವರ್ ದಿಢೀರನೆ ಆಫ್ ಆಗಿತ್ತು. ಅದರ ಎಕ್ಸ್ಟ್4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಇದ್ದ ಹಾಗೇ ನಕಲು, ಬೇರೆ ಡಿಸ್ಕಿಗೆ ತೆಗೆದಿಟ್ಟೆ. ಆಮೇಲೇ ಫೈಲ್ ವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿದ್ದು. ನಾಲ್ಕನೇ ಹಂತಕ್ಕೆ ಬಂದಾಗ, ಯಾವ ಡೈರೆಕ್ಟರಿಗೂ (ಫೋಲ್ಡರ್) ಸೇರದ ಐನೋಡ್‌ಗಳು (ಪ್ರತಿ ಫೈಲಿನ ವಿವರ ಇಡುವ ದಾಖಲೆಗಳು) ಒಂದರ ಹಿಂದೆ ಒಂದು ಕಾಣಿಸಿಕೊಂಡವು. ಇಂಥವನ್ನು ಹಾಕಿಡುವ ಲಾಸ್ಟ್ ಫೌಂಡ್ (lost+found) ಡೈರೆಕ್ಟರಿಗೆ ಸೇರಿಸಲಾ ಅಂತ ಕೇಳಿತು, ಹೂಂ ಅಂದೆ.

ಫೈಲಿನ ಹೆಸರು ಇರುವುದು ಡೈರೆಕ್ಟರಿಯಲ್ಲಿ. ಐನೋಡ್‌ನಲ್ಲಿ ಇರುವುದು ಮಾಲೀಕ, ಪರ್ಮಿಷನ್, ಗಾತ್ರ, ಸಮಯ ಮತ್ತು ಡೇಟಾ ಎಲ್ಲಿದೆ ಅನ್ನುವ ವಿವರ. ಡೈರೆಕ್ಟರಿ ಕೆಟ್ಟರೆ ಹೆಸರು ಹೋಗುತ್ತದೆ, ಮಿಕ್ಕಿದ್ದು ಉಳಿಯಬಹುದು. ಅದಕ್ಕೇ ಅಲ್ಲಿ #131074 ಅನ್ನುವಂಥ ಹೆಸರುಗಳು. # ಚಿಹ್ನೆಯ ಮುಂದಿರುವುದು ಐನೋಡ್ ಸಂಖ್ಯೆ.

ಎಲ್ಲವನ್ನೂ ಮಾಲೀಕ ಮತ್ತು ಸಮಯ ಬದಲಾಗದ ಹಾಗೆ ಬೇರೆ ಕಡೆ ಕಾಪಿ ಮಾಡಿ, ಆ ಕಾಪಿಯ ಮೇಲೇ ಕೆಲಸ ಮಾಡಿದೆ. ಇಲ್ಲಿ ಒಂದು ಕಿರಿಕಿರಿ ಇದೆ. # ನಿಂದ ಶುರುವಾಗುವ ಹೆಸರನ್ನು ಹಾಗೇ ಟೈಪ್ ಮಾಡಿದರೆ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಅದನ್ನು ಕಾಮೆಂಟ್ ಅಂದುಕೊಂಡು ಬಿಟ್ಟುಬಿಡುತ್ತದೆ. ಹೆಸರನ್ನು ಕೋಟ್ ಒಳಗೆ ಹಾಕಬೇಕು, ಇಲ್ಲವೇ ಮುಂದೆ ./ ಸೇರಿಸಬೇಕು.

ಮೊದಲು ಕೈ ಹಾಕಿದ್ದು ಡೈರೆಕ್ಟರಿಗಳಿಗೆ. ಅವುಗಳದ್ದೇ ಹೆಸರು ಹೋಗಿದ್ದರೂ ಒಳಗಿನ ಹೆಸರುಗಳು ಇದ್ದ ಹಾಗೇ ಇರುತ್ತವೆ. ಒಳಗೆ ಇಣುಕಿ, ಬ್ಯಾಕಪ್‌ನ ಪಟ್ಟಿ ಜೊತೆ ಹೋಲಿಸಿದರೆ ಅದು ಎಲ್ಲಿತ್ತು ಅಂತ ಗೊತ್ತಾಗಿಬಿಡುತ್ತದೆ. ಒಂದು ಡೈರೆಕ್ಟರಿ ಗುರುತು ಸಿಕ್ಕರೆ ರಾಶಿಗಟ್ಟಲೆ ಫೈಲು ಒಟ್ಟಿಗೇ ಬಗೆಹರಿದ ಹಾಗೆ.

ಬಿಡಿ ಫೈಲುಗಳದ್ದೇ ಜಾಸ್ತಿ ಕೆಲಸ. ಅವನ್ನು ತೆರೆಯುವ ಮೊದಲು ಮಾಲೀಕ ಯಾರು, ಕೊನೆಗೆ ಬದಲಾದದ್ದು ಯಾವಾಗ ಅಂತ ನೋಡಿದೆ. ಡೆಬಿಯನ್ ಲಿನಕ್ಸ್‌ನಲ್ಲಿ ಯುಐಡಿ (ಬಳಕೆದಾರರ ಸಂಖ್ಯೆ) 33 ಅಂದರೆ ವೆಬ್ ಸರ್ವರ್‌ನದ್ದು, ಅಷ್ಟರಲ್ಲೇ ಅರ್ಧ ದಾರಿ ಸವೆಯಿತು. ಆಮೇಲೆ 'ಫೈಲ್' ಕಮಾಂಡ್. ಅದು ಫೈಲಿನ ಒಳಗನ್ನು ನೋಡಿ ಪಿಡಿಎಫ್, ಚಿತ್ರ, ಸ್ಕ್ರಿಪ್ಟ್ ಅಂತ ಹೇಳುತ್ತದೆ. ಜಿಜಿಪ್‌ನಿಂದ ಕುಗ್ಗಿಸಿದ ಫೈಲುಗಳಲ್ಲಂತೂ ಎಷ್ಟೋ ಸಲ ಹಳೆಯ ಹೆಸರು ಹೆಡರ್‌ನಲ್ಲೇ ಉಳಿದಿರುತ್ತದೆ, 'ಫೈಲ್' ಅದನ್ನೂ ತೋರಿಸುತ್ತದೆ. ಕಳೆದೇ ಹೋಯಿತು ಅಂದುಕೊಂಡಿದ್ದ ಹೆಸರು ಹಾಗೆ ಕಣ್ಣಿಗೆ ಬಿದ್ದಾಗ ನಿಜಕ್ಕೂ ಖುಷಿಯಾಗುತ್ತದೆ. ಇಮೇಲ್‌ಗಳಾದರೆ ಮೊದಲ ಕೆಲವು ಸಾಲುಗಳೇ ಸಾಕು, ಯಾರಿಗೆ ಬಂದದ್ದು ಅಂತ ಅಲ್ಲೇ ಇರುತ್ತದೆ.

ಗುರುತು ಸಿಕ್ಕ ಮಾತ್ರಕ್ಕೆ ವಾಪಸ್ ಹಾಕಬಾರದು. ಚೆಕ್‌ಸಮ್ (ಫೈಲಿನ ಒಳಗಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತೆಗೆದು ಬ್ಯಾಕಪ್ ಜೊತೆ ಹೋಲಿಸಿದೆ. ಎರಡೂ ಒಂದೇ ಆಗಿದ್ದರೆ ಬ್ಯಾಕಪ್ಪಿನದನ್ನೇ ಹಾಕಿದೆ. ಬ್ಯಾಕಪ್ ಆದ ಮೇಲೆ ಬದಲಾದವು ಮಾತ್ರ ನನಗೆ ಮುಖ್ಯ, ಅವನ್ನು ಒಂದೊಂದಾಗಿ ತೆರೆದು ಕೊನೆಯವರೆಗೂ ನೋಡಿದೆ. ಶುರುವಿನಲ್ಲಿ ಸರಿಯಿದ್ದು ಮಧ್ಯದಿಂದ ಬರೀ ಸೊನ್ನೆಗಳಿರುವ ಫೈಲುಗಳೂ ಇರುತ್ತವೆ. ಸಿಸ್ಟಂ ಪ್ರೋಗ್ರಾಂಗಳಿಗೆ ಇಷ್ಟು ಕಷ್ಟ ಪಡಬೇಕಿಲ್ಲ, ಆ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿದರಾಯಿತು. ಡೇಟಾಬೇಸ್ ಫೈಲುಗಳನ್ನಂತೂ ನಾನು ಮುಟ್ಟಲೇ ಇಲ್ಲ. ಅವು ಒಂದಕ್ಕೊಂದು ಹೊಂದಿಕೊಂಡಿರಬೇಕು, ಒಂದನ್ನು ಮಾತ್ರ ತಂದು ಸೇರಿಸಿದರೆ ಇರುವುದೂ ಕೆಡಬಹುದು. ಡಂಪ್‌ನಿಂದಲೇ (ಡೇಟಾಬೇಸಿನಿಂದ ಮೊದಲೇ ಹೊರತೆಗೆದಿಟ್ಟ ಪ್ರತಿ) ಮರಳಿ ಕಟ್ಟಿದೆ.

ಕೊನೆಗೆ ಲಾಸ್ಟ್ ಫೌಂಡ್ ಖಾಲಿ ಮಾಡುವಾಗ ಕೆಲವು ಫೈಲುಗಳು ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೂ ಜಗ್ಗಲಿಲ್ಲ. ಕೆಟ್ಟ ಐನೋಡ್‌ಗಳಲ್ಲಿ ಕೆಲವೊಮ್ಮೆ ಇಮ್ಯೂಟಬಲ್ (ಬದಲಿಸಲು, ಅಳಿಸಲು ಬಿಡದ) ಗುರುತು ತಾನಾಗೇ ಬಿದ್ದಿರಬಹುದು. 'ಎಲ್‌ಎಸ್‌ಆಟರ್' ಕಮಾಂಡ್‌ನಲ್ಲಿ ಅದನ್ನು ನೋಡಿ, 'ಸಿಎಚ್‌ಆಟರ್' ಕಮಾಂಡ್‌ನಿಂದ ತೆಗೆದ ಮೇಲೆ ಅಳಿಸಲು ಬಂತು. ಲಾಸ್ಟ್ ಫೌಂಡ್ ಡೈರೆಕ್ಟರಿಯನ್ನು ಮಾತ್ರ ಅಳಿಸಬೇಡಿ. ಮುಂದಿನ ಚೆಕ್‌ಗೆ ಬೇಕಾಗುವ ಜಾಗ ಅದರಲ್ಲಿ ಮೊದಲೇ ಕಾದಿಟ್ಟಿರುತ್ತದೆ.