ಸುಮ್ನೆ ಬಿಟ್ಟಾಗ ರೀಸ್ಟಾರ್ಟ್ ಆಗ್ತಿದ್ದ ಪಿಸಿ ಸರಿಹೋಗಿದ್ದು ಹೀಗೆ

ನಾನೇ ಜೋಡಿಸಿದ ಪಿಸಿ, ಗೇಮ್ ಆಡ್ವಾಗ ಏನೂ ಇಲ್ಲ, ಬ್ರೌಸರ್ ತೆಗೆದು ಸುಮ್ನೆ ಬಿಟ್ರೆ ಫಟ್ ಅಂತ ರೀಸ್ಟಾರ್ಟ್, ಬ್ಲೂ ಸ್ಕ್ರೀನೂ ಬರಲ್ಲ, ವಿಂಡೋಸ್ ದಾಖಲೆ ತೋರ್ಸೋ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಷ್ಟೇ (ಸರಿಯಾಗಿ ಶಟ್‌ಡೌನ್ ಆಗ್ದೆ ರೀಸ್ಟಾರ್ಟ್ ಆಯ್ತು ಅಂತಷ್ಟೇ, ಅದ್ರಿಂದ ಕಾರಣ ಏನೂ ಗೊತ್ತಾಗಲ್ಲ). ವಿಂಡೋಸ್ ಹೊಸದಾಗಿ ಹಾಕ್ದೆ, ಡ್ರೈವರ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಎಲ್ಲಾ ಬದಲಾಯಿಸ್ದೆ, ಉಪಯೋಗ ಇಲ್ಲ.

ತೊಂದ್ರೆ ಇದ್ದಿದ್ದು ರ‍್ಯಾಮಲ್ಲಿ. ಡಿಡಿಆರ್4 ಜಾತಿಯ, 3600 ಸ್ಪೀಡಿನ ನಾಲ್ಕು ಸ್ಟಿಕ್, ಒಂದೊಂದೇ ಹಾಕಿದ್ರೆ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷೆ ಮಾಡೋ ಪ್ರೋಗ್ರಾಂ) ಪಾಸ್, ನಾಲ್ಕೂ ಸೇರಿದ್ರೆ ಸಾಲುಸಾಲು ಕೆಂಪು ಎರರ್. ಅಂದ್ರೆ ಸ್ಟಿಕ್ ಕೆಟ್ಟಿಲ್ಲ, ನಾಲ್ಕನ್ನೂ ಆ ಸ್ಪೀಡಲ್ಲಿ ಓಡ್ಸೋಕೆ ಸಿಪಿಯು ಒಳಗೆ ರ‍್ಯಾಮ್ ನಡೆಸೋ ಮೆಮೊರಿ ಕಂಟ್ರೋಲರ್ ಕೈಲಾಗ್ತಿಲ್ಲ. ಪಿಸಿ ಆನ್ ಆಗ್ವಾಗ ತೆರೆಯೋ ಸೆಟ್ಟಿಂಗ್ ಮೆನು ಬಯಾಸ್‌ನಲ್ಲಿ ಮೊದ್ಲು ಎಕ್ಸ್‌ಎಂಪಿ (ರ‍್ಯಾಮ್ ತಯಾರಕರೇ ಇಟ್ಟಿರೋ ರೆಡಿ ಸ್ಪೀಡ್ ಸೆಟ್ಟಿಂಗ್) ಆನ್ ಮಾಡಿ, ಟೈಮಿಂಗು, 1.35 ವೋಲ್ಟು ತಾನಾಗೇ ಬರುತ್ತೆ, ಆಮೇಲೆ ಫ್ರೀಕ್ವೆನ್ಸಿ (ಸ್ಪೀಡ್) ಒಂದನ್ನೇ 3200ಕ್ಕೆ ಇಳಿಸಿ ಎಫ್10 ಒತ್ತಿ ಸೇವ್. ಉಲ್ಟಾ ಮಾಡಿದ್ರೆ ಎಕ್ಸ್‌ಎಂಪಿ ಮತ್ತೆ 3600ಕ್ಕೇ ಎಳ್ಕೊಂಡು ಹೋಗುತ್ತೆ. ರಾತ್ರಿಯಿಡೀ ಮೆಮ್‌ಟೆಸ್ಟ್ ಬಿಟ್ಟೆ, ಎರರ್ ಸೊನ್ನೆ.