ಆಟಿಸಂ ಇರುವ ಮಗುವಿಗೆ ಜೀನ್ ಪರೀಕ್ಷೆ: ಒಪ್ಪಿಗೆಗೆ ಸಹಿ ಹಾಕುವ ಮುನ್ನ

ಆಟಿಸಂ ಇದೆಯೇ ಎಂಬುದನ್ನು ವೈದ್ಯರು ಮಗುವಿನ ನಡವಳಿಕೆ, ಸಂವಹನ ಮತ್ತು ಬೆಳವಣಿಗೆಯನ್ನು ಗಮನಿಸಿ ನಿರ್ಧರಿಸುತ್ತಾರೆಯೇ ಹೊರತು ರಕ್ತಪರೀಕ್ಷೆಯಿಂದಲ್ಲ. ಆದ್ದರಿಂದ ಮೈಕ್ರೋಅರೇ (ವರ್ಣತಂತುಗಳಲ್ಲಿ ಕಾಣೆಯಾದ ಅಥವಾ ಹೆಚ್ಚಾದ ತುಣುಕುಗಳನ್ನು ಹುಡುಕುವುದು), ಫ್ರಜೈಲ್ ಎಕ್ಸ್ (ಎಕ್ಸ್ ವರ್ಣತಂತುವಿನ ಒಂದು ಜೀನ್‌ನಿಂದ ಬರುವ, ಬುದ್ಧಿ ಬೆಳವಣಿಗೆಯನ್ನು ಬಾಧಿಸುವ ತೊಂದರೆ) ಅಥವಾ ಎಕ್ಸೋಮ್ (ಜೀನ್‌ಗಳ ಪ್ರೋಟೀನ್ ರೂಪಿಸುವ ಭಾಗಗಳನ್ನು ಓದುವುದು) ಪರೀಕ್ಷೆಯನ್ನು ಸೂಚಿಸಿದಾಗ, ಅದರ ಫಲಿತಾಂಶದಿಂದ ಆರೈಕೆಯಲ್ಲಿ ಏನು ಬದಲಾಗುತ್ತದೆ ಎಂದು ಮೊದಲು ಕೇಳಿ. ಕೆಲವೊಮ್ಮೆ ಉತ್ತರ ಸ್ಪಷ್ಟ: ಟ್ಯೂಬರಸ್ ಸ್ಕ್ಲೆರೋಸಿಸ್ (ಹಲವು ಅಂಗಗಳಲ್ಲಿ ಗಡ್ಡೆಗಳು ಬೆಳೆಯುವ ಜೀನ್ ಕಾಯಿಲೆ) ಪತ್ತೆಯಾದರೆ ಮಿದುಳು ಮತ್ತು ಮೂತ್ರಪಿಂಡಗಳ ಮೇಲೆ ನಿಯಮಿತವಾಗಿ ನಿಗಾ ಇಡಬೇಕಾಗುತ್ತದೆ. ಅನೇಕ ಮಕ್ಕಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಇನ್ನು ಕೆಲವರ ವರದಿಯಲ್ಲಿ ಅರ್ಥ ಖಚಿತವಾಗದ ಜೀನ್ ವ್ಯತ್ಯಾಸವೊಂದು ನಮೂದಾಗಿರುತ್ತದೆ. ಅದನ್ನೇ ಕಾರಣವೆಂದು ಹಿಡಿದುಕೊಳ್ಳಬೇಡಿ.

ಪರೀಕ್ಷೆ ಮಗುವಿನದಾದರೂ ಸುದ್ದಿ ಇಡೀ ಕುಟುಂಬದ್ದು. ಮಗುವಿಗೆ ಫ್ರಜೈಲ್ ಎಕ್ಸ್ ಇದ್ದರೆ, ತಾಯಿ ಅದರ ವಾಹಕಳೆಂಬುದು, ಅಂದರೆ ಆ ಜೀನ್ ಬದಲಾವಣೆಯನ್ನು ಹೊತ್ತವಳೆಂಬುದು, ಸಾಮಾನ್ಯವಾಗಿ ಖಚಿತವಾಗುತ್ತದೆ. ಚಿಕ್ಕಮ್ಮನಿಗೆ ಬೇಗ ಮುಟ್ಟು ನಿಂತದ್ದಕ್ಕೂ ತಾತನ ಕೈನಡುಕಕ್ಕೂ ಅದೇ ಜೀನ್ ಕಾರಣವಾಗಿರಬಹುದು. ಯಾರಿಗೆ, ಯಾವಾಗ, ಯಾರು ಹೇಳಬೇಕೆಂಬುದನ್ನು ಮಾದರಿ ಕೊಡುವ ಮೊದಲೇ ಜೆನೆಟಿಕ್ ಕೌನ್ಸೆಲರ್ (ಜೀನ್ ಪರೀಕ್ಷೆಗಳ ಬಗ್ಗೆ ಕುಟುಂಬಗಳಿಗೆ ಸಲಹೆ ನೀಡುವ ತಜ್ಞರು) ಜೊತೆ ಚರ್ಚಿಸಿ, ತಾಯಿಯ ಮೇಲೆ ದೂರು ಹೊರಿಸುವ ಮಾತಿಗೆ (ನಮ್ಮ ಮನೆಗಳಲ್ಲಿ ಅದು ಬಹಳ ಬೇಗ ಬರುತ್ತದೆ) ಅವಕಾಶ ಕೊಡಬೇಡಿ.

ಮಾದರಿಯನ್ನು ಎಷ್ಟು ಕಾಲ ಇಡುತ್ತಾರೆ, ಸಂಶೋಧನೆಗೆ ಬಳಸುತ್ತಾರೆಯೇ ಎಂಬುದನ್ನು ಒಪ್ಪಿಗೆಪತ್ರದಲ್ಲಿ ಓದಿ. ಸಂಶೋಧನೆಗೆ ಒಪ್ಪದಿದ್ದರೂ ಚಿಕಿತ್ಸೆ ನಿಲ್ಲಬಾರದು. ತಿಳಿವಳಿಕೆಯಿರುವ ಮಗುವಿಗೆ, ಸೂಜಿ ಚುಚ್ಚುವ ಮುನ್ನ ಅದಕ್ಕೆ ಒಗ್ಗುವ ರೀತಿಯಲ್ಲಿ, ಬೇಕಿದ್ದರೆ ಚಿತ್ರಗಳ ಮೂಲಕ, ವಿಷಯ ತಿಳಿಸಿ.

ಗರ್ಭದಲ್ಲಿರುವ ಶಿಶುವಿಗೆ ಆಟಿಸಂ ಬರುವುದೇ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಅಂಗವಿಕಲತೆಯ ಪ್ರಮಾಣಪತ್ರಕ್ಕೂ ಜೀನ್ ವರದಿ ಬೇಕಿಲ್ಲ; 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿಯೇ ಪಟ್ಟಿಯಲ್ಲಿ ಸೇರಿಸಿದೆ.