ಒಳ ಹಿಂಚಕ್ರ ಏಳಬೇಕು: ರೇಸಿಂಗ್ ಕಾರ್ಟ್‌ನ ಮುಂಭಾಗ ಹೊಂದಿಸುವ ಬಗೆ

ಕೆಲಸ ಕಲಿಯಲು ನನ್ನ ಬಳಿ ಬರುವ ಹುಡುಗರು ಮೊದಲು ಕೇಳುವುದು, 'ಕ್ಯಾಸ್ಟರ್ ಎಷ್ಟು ಇಡಬೇಕು ಸಾರ್?' ಎಂದು. ಮುಂಚಕ್ರ ಎಡಬಲಕ್ಕೆ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ನಾನು ಹಿಂದಿನ ಚಕ್ರಗಳ ಕಡೆ ಕೈ ತೋರಿಸುತ್ತೇನೆ. ಕಾರ್ಟ್ ಎಂಬ ಈ ಪುಟ್ಟ ರೇಸ್ ಗಾಡಿಗೆ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಾಧನ, ಇಲ್ಲ. ಎರಡೂ ಹಿಂಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿದಿವೆ. ತಿರುವಿನಲ್ಲಿ ಎರಡೂ ನೆಲ ಕಚ್ಚಿಕೊಂಡರೆ ಗಾಡಿ ನೇರ ಹೋಗುವ ಹಟ ಹಿಡಿಯುತ್ತದೆ. ತಿರುವಿನ ಒಳಬದಿಯದು ಕೂದಲೆಳೆಯಷ್ಟಾದರೂ ಏಳಬೇಕು. ಸಸ್ಪೆನ್ಷನ್ ಇಲ್ಲದ ಗಾಡಿಯಲ್ಲಿ ಆ ಕೆಲಸ ಮುಂಭಾಗದ್ದು. ಕ್ಯಾಸ್ಟರ್ ಇರುವುದರಿಂದ, ಸ್ಟೀರಿಂಗ್ ತಿರುಗಿಸಿದಾಗ ಒಳ ಮುಂಚಕ್ರ ಕೆಳಗೆ ಒತ್ತುತ್ತದೆ, ಹೊರಗಿನದು ಮೇಲೇರುತ್ತದೆ, ಚಾಸಿ (ಗಾಡಿಯ ಚೌಕಟ್ಟು) ತಿರುಚಿಕೊಂಡು ಒಳ ಹಿಂಚಕ್ರವನ್ನು ಎತ್ತುತ್ತದೆ. ಯಾವ ಟ್ರ್ಯಾಕ್‌ಗೆ ಹೋದರೂ ನಾನು ಕೇಳಿಕೊಳ್ಳುವುದು ಇಷ್ಟೇ: ಅದು ಎಷ್ಟು ಏಳಬೇಕು, ಎಷ್ಟು ಹೊತ್ತು ಎದ್ದಿರಬೇಕು?

ಅಳತೆ ಮೊದಲು. ಸಮತಟ್ಟಾದ ನೆಲದಲ್ಲಿ ಕಾರ್ಟ್ ನಿಲ್ಲಿಸಿ, ಮುಂಚಕ್ರಗಳನ್ನು ತೆಗೆದು, ಅವು ಕೂರುವ ಗಿಡ್ಡ ಅಚ್ಚಾದ ಸ್ಟಬ್ ಆಕ್ಸಲ್‌ಗೆ ಅಳತೆಯ ಲೇಸರ್ ತಟ್ಟೆಗಳನ್ನು ಹಾಕಿ. ಚಾಲಕ ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕುಳಿತಿರಲಿ. ಅವನ ಭಾರಕ್ಕೆ ಚಾಸಿ ಬಾಗಿ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಬದಲಾಗುತ್ತದೆ. ಖಾಲಿ ಸೀಟಿನಲ್ಲಿ ಅಳೆದ ಅಂಕಿಯನ್ನು ನನಗೆ ಹೇಳಲೇಬೇಡಿ. ಸ್ಟೀರಿಂಗ್ ಕಾಲಂ ಅಲುಗದಂತೆ ನೇರಕ್ಕೆ ಕಟ್ಟಿ, ಎಡ ಬಲ ಎರಡನ್ನೂ ಓದಿ. ಟೋ, ಅಂದರೆ ಮುಂಚಕ್ರಗಳ ಮುಂತುದಿಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದನ್ನು, ಹೊಂದಿಸುವುದು ಸ್ಟೀರಿಂಗ್ ಕಾಲಂನ್ನು ಸ್ಟಬ್ ಆಕ್ಸಲ್‌ಗೆ ಜೋಡಿಸುವ ಟೈ ರಾಡ್‌ನಲ್ಲಿ. ಅದರ ಒಂದು ತುದಿಯಲ್ಲಿ ಎಡಗೈ ಥ್ರೆಡ್ ಇರುವುದರಿಂದ ರಾಡ್ ತಿರುಗಿಸಿದರೆ ಸಾಕು, ಬಿಚ್ಚಬೇಕಿಲ್ಲ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ತಿರುಗಿಸಿ, ಇಲ್ಲವಾದರೆ ಸ್ಟೀರಿಂಗ್ ಓರೆಯಾಗುತ್ತದೆ. ಒಣ ಟ್ರ್ಯಾಕ್‌ಗೆ ಒಟ್ಟು ಒಂದೆರಡು ಮಿಲಿಮೀಟರ್ ಟೋ ಔಟ್‌ನಿಂದ (ಮುಂತುದಿಗಳು ಹೊರಕ್ಕೆ) ಶುರು ಮಾಡುತ್ತೇನೆ.

ಈಗ ಟ್ರ್ಯಾಕ್. ಬೆಂಗಳೂರಿನ ಮೆಕೋ ಕಾರ್ಟೋಪಿಯಾದಂಥ ಇಕ್ಕಟ್ಟಾದ ಜಾಗದಲ್ಲಿ ವೇಗ ಕಡಿಮೆಯಾಗುವ ತಿರುವುಗಳೇ ಲ್ಯಾಪ್ ಸಮಯ ನಿರ್ಧರಿಸುತ್ತವೆ. ಅಲ್ಲಿ ಚಕ್ರ ಬೇಗ ಏಳಬೇಕು. ಸ್ಟಬ್ ಆಕ್ಸಲ್ ತಿರುಗುವ ಕಿಂಗ್‌ಪಿನ್ ಬೋಲ್ಟ್‌ನ ಮೇಲೂ ಕೆಳಗೂ ಇರುವ ಎಕ್ಸೆಂಟ್ರಿಕ್ (ತೂತು ನಡುವಿಗಿಲ್ಲದ) ಬಿಲ್ಲೆಗಳನ್ನು ತಿರುಗಿಸಿ ಕ್ಯಾಸ್ಟರ್ ಒಂದು ಗುರುತು ಹೆಚ್ಚಿಸಿ. ಅದು ಸಾಲದಿದ್ದರೆ ಮುಂಚಕ್ರದ ಒಳಗಡೆ ಒಂದು 5 ಮಿ.ಮೀ. ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳುವ ಬಳೆ) ಸೇರಿಸಿ, ಮುಂಭಾಗ ಅಗಲವಾದಷ್ಟೂ ಎತ್ತುವ ಬಲ ಹೆಚ್ಚು. ಸ್ಟಬ್ ಆಕ್ಸಲ್ ತೋಳಿನ ಒಳ ತೂತಿಗೆ ಟೈ ರಾಡ್ ಹಾಕಿದರೆ ಅಷ್ಟೇ ಸ್ಟೀರಿಂಗ್‌ಗೆ ಚಕ್ರ ಹೆಚ್ಚು ತಿರುಗುತ್ತದೆ. ಆದರೆ ಸ್ಟೀರಿಂಗ್ ಭಾರವಾಗುತ್ತದೆ. ಹದಿಮೂರರ ಹುಡುಗನ ತೋಳು ಅರ್ಧ ರೇಸಿಗೇ ಸೋತರೆ ಅಷ್ಟು ಕಷ್ಟಪಟ್ಟು ಮಾಡಿದ ಸೆಟಪ್ ಯಾರಿಗೆ ಬೇಕು?

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಬೇರೆ ಲೋಕ. 2.1 ಕಿ.ಮೀ. ಉದ್ದ, ನೇರ ಹಾದಿಗಳು ದೊಡ್ಡವು. ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಎತ್ತಿದರೆ ವೇಗದ ತಿರುವಿಗೆ ನುಗ್ಗುವಾಗಲೇ ಹಿಂಭಾಗ ಜಾರಲು ನೋಡುತ್ತದೆ. ಕ್ಯಾಸ್ಟರ್ ಇಳಿಸಿ, ಒಂದು ಸ್ಪೇಸರ್ ತೆಗೆಯಿರಿ, ಟೋವನ್ನು ಸೊನ್ನೆಯ ಹತ್ತಿರಕ್ಕೆ ತನ್ನಿ. ನೇರದಲ್ಲಿ ಟೈರ್ ಸುಮ್ಮನೆ ಉಜ್ಜುವುದು ತಪ್ಪುತ್ತದೆ. ಕ್ಯಾಸ್ಟರ್ ಮುಟ್ಟಿದ ಮೇಲೆ ಟೋ ಮತ್ತೆ ಅಳೆಯಿರಿ, ಅದು ಇದ್ದಲ್ಲೇ ಇರುವುದಿಲ್ಲ.

ಕಿವಿಗೆ ಕೆಲಸ ಕೊಡಿ. ತಿರುವಿನಿಂದ ಹೊರಬರುವಾಗ ಎಂಜಿನ್ ಉಸಿರು ಕಟ್ಟಿದಂತೆ ಗೊಣಗಿದರೆ ಒಳ ಚಕ್ರ ಬೇಗ ನೆಲಕ್ಕೆ ಬಿದ್ದು ಎಳೆಯುತ್ತಿದೆ ಎಂದರ್ಥ. ಎತ್ತುವ ಬಲ ಸಾಲದು. ಗಾಡಿ ತಿರುವಿನಲ್ಲಿ ಕುಪ್ಪಳಿಸಿದರೆ ಹಿಡಿತವೇ ಹೆಚ್ಚಾಗಿದೆ. ಇದು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ, ಟ್ರ್ಯಾಕ್ ಮೇಲೆ ರಬ್ಬರ್ ಕುಳಿತ ಮೇಲೆ ಬರುವ ಕಾಯಿಲೆ. ಬೆಳಗಿನ ಸೆಟಪ್‌ಗೆ ಅಂಟಿಕೊಳ್ಳದೆ ಮುಂಭಾಗವನ್ನು ಕಿರಿದು ಮಾಡಿ. ಹೊರ ಮುಂಟೈರಿನ ಹೊರ ಅಂಚು ಮಾತ್ರ ಸವೆದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು) ಸ್ವಲ್ಪ ಹೆಚ್ಚಿಸಿ. ಯಾವಾಗಲೂ ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಪುಸ್ತಕದಲ್ಲಿ ಬರೆದು. ಟ್ರ್ಯಾಕ್ ಅಂಚಿನ ಕೆರ್ಬ್‌ಗೆ ಜೋರಾಗಿ ಬಡಿದು ಬಂದ ಗಾಡಿಯಾದರೆ ಮೊದಲು ಸ್ಟಬ್ ಆಕ್ಸಲ್ ಬಾಗಿದೆಯೇ ನೋಡಿ. ಬಾಗಿದ್ದರೆ ಯಾವ ಸೆಟಪ್ಪೂ ಕೂಡಿಬರದು.

ಮಳೆ ಬಂದರೆ ಹಿಡಿತವಿಲ್ಲ, ಚಕ್ರ ತಾನಾಗಿ ಏಳುವುದಿಲ್ಲ. ಆಗ ಕೈ ಬಿಗಿ ಹಿಡಿಯಬೇಡಿ: ಕ್ಯಾಸ್ಟರ್ ಗರಿಷ್ಠಕ್ಕೆ, ಮುಂಭಾಗ ಸಾಧ್ಯವಾದಷ್ಟು ಅಗಲಕ್ಕೆ, ಹಿಂಭಾಗ ಕಿರಿದಾಗಿ, ಟೋ ಔಟ್ ಹಲವು ಮಿಲಿಮೀಟರ್. ಟ್ರ್ಯಾಕ್ ಒಣಗತೊಡಗಿದಾಗ ಮಾತ್ರ ಟೋವನ್ನು ಮೊದಲು ಹಿಂದಕ್ಕೆ ತನ್ನಿ. ಒಣ ನೆಲದಲ್ಲಿ ಅಷ್ಟು ಟೋ ಇದ್ದರೆ ಮುಂಟೈರ್‌ಗಳು ಕೆಲವೇ ಲ್ಯಾಪ್‌ಗಳಲ್ಲಿ ಹಾಳಾಗುತ್ತವೆ.